ಮಿದುಳಿನ ಗೆಡ್ಡೆ ಮತ್ತು ದೇಹದ ಕಾವಲುಪಡೆ

ಆರೋಗ್ಯವಂತ ಮನುಷ್ಯನ ದೇಹದಲ್ಲಿ ಹಗಲಿರುಳೂ ಕಾವಲು ನಡೆದಿರುತ್ತದೆ. ಗಾಯದ ಮೂಲಕ ನುಗ್ಗುವ ರೋಗಾಣುಗಳನ್ನೂ, ಅನ್ನನೀರಿನೊಡನೆ ಒಳಹೊಗುವ ಕ್ರಿಮಿಗಳನ್ನೂ, ದೇಹದಲ್ಲಿಯೇ ಹುಟ್ಟಿ ದಾರಿತಪ್ಪಿದ ಜೀವಕೋಶಗಳನ್ನೂ ಗುರುತಿಸಿ ನಾಶಪಡಿಸುವ ಏರ್ಪಾಡೊಂದು ಎಲ್ಲರಲ್ಲಿಯೂ ಇದೆ. ಅದಕ್ಕೆ ರೋಗನಿರೋಧಕ ವ್ಯವಸ್ಥೆಯೆಂದು ಹೆಸರು. ಅದು ಸರಿಯಾಗಿ ಕೆಲಸ ಮಾಡುತ್ತಿರುವಷ್ಟು ಕಾಲ ಅದರ ಇರವೇ ಯಾರಿಗೂ ತಿಳಿಯುವುದಿಲ್ಲ.

ಇಂಥ ಕಾವಲಿದ್ದೂ ಕೆಲವರ ಮಿದುಳಿನಲ್ಲಿ ಗೆಡ್ಡೆ ಬೆಳೆಯುತ್ತದೆ. ಜ್ವರವೆಂದು ಒಂದು ದಿನ ಮಲಗದ, ಗಟ್ಟಿಮುಟ್ಟಾದ ವ್ಯಕ್ತಿಗೂ ಈ ರೋಗ ಬರಬಹುದು. ಮಹಾನಗರದಲ್ಲಿ ನೆಲೆಸಿದ ಕುಟುಂಬದಲ್ಲಿ ಇಂಥ ಸುದ್ದಿ ಬಂದೊಡನೆ ಊರಿನಿಂದ ಬಂಧುಗಳ ಕರೆಗಳು ಬರತೊಡಗುತ್ತವೆ. ‘ಮೈಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿರಬೇಕು, ಅದನ್ನು ಹೆಚ್ಚಿಸಿದರೆ ಗೆಡ್ಡೆ ತಾನಾಗಿ ಕರಗುತ್ತದೆ’ ಎಂಬ ಸಲಹೆಯೊಂದಿಗೆ ಪುಡಿ, ಲೇಹ್ಯ, ಕಷಾಯಗಳು ಬರುತ್ತವೆ. ಸಲಹೆ ಕೊಡುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಸಲಹೆಯ ಹಿಂದಿರುವ ತಿಳಿವಳಿಕೆ ಸರಿಯೇ? ಮಿದುಳಿನ ಗೆಡ್ಡೆಗೂ ದೇಹದ ಕಾವಲುಪಡೆಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಕಳೆದ ನೂರು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡುದನ್ನು ಅರಿತರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ರೋಗಿಯ ಮನೆಯವರು ಹಣವನ್ನೂ ಕಾಲವನ್ನೂ ಎಲ್ಲಿ ವ್ಯಯಿಸಬೇಕೆಂಬುದೂ ಸ್ಪಷ್ಟವಾಗುತ್ತದೆ.

ಗೆಡ್ಡೆಗಳಲ್ಲಿ ಬಗೆಬಗೆ

ಮಿದುಳಿನ ಗೆಡ್ಡೆಗಳೆಲ್ಲವೂ ಒಂದೇ ಜಾತಿಯವಲ್ಲ. ಮಿದುಳನ್ನು ಆವರಿಸಿದ ಪೊರೆಗಳಲ್ಲಿ ಹುಟ್ಟುವ ಮೆನಿಂಜಿಯೋಮ ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವಂಥದು. ಶಸ್ತ್ರಕ್ರಿಯೆಯಿಂದ ಪೂರ್ತಿ ಗುಣವಾಗುವ ಸಂಭವವುಂಟು. ಶ್ವಾಸಕೋಶ, ಸ್ತನ, ಚರ್ಮ ಮೊದಲಾದ ಕಡೆ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಮಿದುಳಿಗೆ ಹರಡುವುದು ಇನ್ನೊಂದು ಬಗೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಎಂಬ ಜೀವಕೋಶಗಳ ಸಂತತಿಯಿಂದ ಹುಟ್ಟುವ ಗ್ಲಯೋಮಗಳು ಮೂರನೆಯ ಬಗೆ. ಇವುಗಳಲ್ಲೆಲ್ಲ ಅತ್ಯಂತ ಉಗ್ರವಾದುದು ಗ್ಲಯೋಬ್ಲಾಸ್ಟೋಮ. ವಯಸ್ಕರಲ್ಲಿ ಮಿದುಳಿನಲ್ಲಿಯೇ ಹುಟ್ಟುವ ಮಾರಕ ಗೆಡ್ಡೆಗಳ ಪೈಕಿ ಹೆಚ್ಚಾಗಿ ಕಂಡುಬರುವುದೂ ಇದೇ.

ಗ್ಲಯೋಬ್ಲಾಸ್ಟೋಮ ವಿರಳವಾದ ರೋಗ. ಅಮೆರಿಕದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಇದು ಬರುತ್ತದೆ. ಇದು ಅಂಟುರೋಗವಲ್ಲ, ಬಹುತೇಕ ರೋಗಿಗಳಲ್ಲಿ ವಂಶಪಾರಂಪರ್ಯವಾಗಿ ಬಂದುದೂ ಅಲ್ಲ. ಮರದ ಬೇರುಗಳು ನೆಲದಲ್ಲಿ ಹರಡುವಂತೆ ಇದರ ಜೀವಕೋಶಗಳು ಸುತ್ತಲಿನ ಆರೋಗ್ಯಕರ ಮಿದುಳಿನೊಳಕ್ಕೆ ಹರಡಿಕೊಂಡಿರುತ್ತವೆ. ಆದ್ದರಿಂದ ಶಸ್ತ್ರವೈದ್ಯನು ಕಣ್ಣಿಗೆ ಕಾಣುವ ಭಾಗವನ್ನು ಎಷ್ಟೇ ಕುಶಲತೆಯಿಂದ ತೆಗೆದರೂ ಕಾಣದ ಭಾಗ ಉಳಿಯುತ್ತದೆ. ಶಸ್ತ್ರಕ್ರಿಯೆಯ ಬಳಿಕ ವಿಕಿರಣ ಚಿಕಿತ್ಸೆಯೊಂದಿಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಕೊಡುವ ಪದ್ಧತಿ 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರ ಫಲವಾಗಿ ರೂಢಿಗೆ ಬಂತು. ಯುರೋಪು ಮತ್ತು ಕೆನಡಾಗಳ 573 ರೋಗಿಗಳ ಮೇಲೆ ನಡೆದ ಆ ಪರೀಕ್ಷೆಯಲ್ಲಿ ವಿಕಿರಣ ಮಾತ್ರ ಪಡೆದವರ ಮಧ್ಯಮ ಆಯುಷ್ಯ 12.1 ತಿಂಗಳು, ಔಷಧವನ್ನೂ ಪಡೆದವರದು 14.6 ತಿಂಗಳು. ಎರಡು ವರ್ಷ ಬದುಕುಳಿದವರ ಪ್ರಮಾಣ ಶೇಕಡ 10.4ರಿಂದ 26.5ಕ್ಕೆ ಏರಿತು. ಲಾಭ ನಿಜವಾದುದು, ಆದರೆ ಸಾಲದು. ಈ ಸಾಲದೆಂಬ ಭಾವನೆಯೇ ವಿಜ್ಞಾನಿಗಳ ದೃಷ್ಟಿಯನ್ನು ದೇಹದ ಕಾವಲುಪಡೆಯತ್ತ ತಿರುಗಿಸಿತು.

ಕಾವಲುಪಡೆಯ ರಚನೆ

ರೋಗನಿರೋಧಕ ವ್ಯವಸ್ಥೆಯ ಸಿಪಾಯಿಗಳು ಮುಖ್ಯವಾಗಿ ಬಿಳಿಯ ರಕ್ತಕಣಗಳು. ಇವು ಅಸ್ಥಿಮಜ್ಜೆಯಲ್ಲಿ ಹುಟ್ಟುತ್ತವೆ. ಕೆಲವು ಊರ ಕಾವಲುಗಾರರಂತೆ ಕಂಡ ಕೊಳೆಯನ್ನೂ ಕ್ರಿಮಿಯನ್ನೂ ನುಂಗುತ್ತ ತಿರುಗುತ್ತವೆ. ಇವು ಭಕ್ಷಕ ಕೋಶಗಳು. ಇನ್ನು ಕೆಲವು ಸಂಶಯಾಸ್ಪದ ವಸ್ತುವಿನ ಚೂರೊಂದನ್ನು ಹಿಡಿದುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ವರದಿ ಒಪ್ಪಿಸುತ್ತವೆ. ಅಲ್ಲಿ ಕಾದಿರುವ ಟಿ ಕೋಶಗಳೆಂಬ ತರಬೇತಾದ ಸೈನಿಕರು ಆ ಗುರುತನ್ನು ನೋಡಿ ಸಂಖ್ಯೆಯಲ್ಲಿ ವೃದ್ಧಿಸಿ, ಆ ಗುರುತುಳ್ಳ ಜೀವಕೋಶವನ್ನು ಹುಡುಕಿಕೊಂಡು ಹೋಗಿ ಕೊಲ್ಲುತ್ತವೆ.

ಸೈನ್ಯವೆಂದ ಮೇಲೆ ಅದಕ್ಕೆ ಕಡಿವಾಣವೂ ಬೇಕು. ಶತ್ರು ನಾಶವಾದ ಬಳಿಕವೂ ಕಾದಾಟ ನಿಲ್ಲದಿದ್ದರೆ ಸ್ವಂತ ಅಂಗಗಳಿಗೇ ಹಾನಿ. ಆದುದರಿಂದ ಟಿ ಕೋಶಗಳ ಮೈಮೇಲೆ ಅವುಗಳನ್ನು ತಡೆಯುವ ಗುಂಡಿಗಳಂಥ ಪ್ರೋಟೀನುಗಳಿವೆ, ಅವುಗಳಲ್ಲೊಂದು ಪಿಡಿ-1. ಇತರ ಟಿ ಕೋಶಗಳನ್ನು ಶಾಂತಗೊಳಿಸುವುದೇ ಕೆಲಸವಾಗಿರುವ ನಿಯಂತ್ರಕ ಟಿ ಕೋಶಗಳೂ ಇವೆ. ಹೀಗೆ ಕಾವಲು ನಡೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಸುದ್ದಿ ತಲಪಬೇಕು, ಸೈನಿಕ ಸ್ಥಳಕ್ಕೆ ಹೋಗಬೇಕು, ಹೋದಮೇಲೆ ಅವನ ಕೈ ಕಟ್ಟಿರಬಾರದು. ಗ್ಲಯೋಬ್ಲಾಸ್ಟೋಮ ಈ ಮೂರನ್ನೂ ಕೆಡಿಸುತ್ತದೆ.

ಮಿದುಳಿಗೆ ಪ್ರತ್ಯೇಕ ಏರ್ಪಾಡು

ಕಾವಲಿನ ವಿಷಯದಲ್ಲಿ ಮಿದುಳು ಉಳಿದ ಅಂಗಗಳಂತಲ್ಲ. ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ ಬೇರೆಲ್ಲ ಅಂಗಗಳಿಗೂ ಬಣ್ಣ ಹಿಡಿದು ಮಿದುಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಬಹಳ ಬಿಗಿಯಾದುದೆಂಬುದು ಮುಂದೆ ತಿಳಿದುಬಂತು. ರಕ್ತದಲ್ಲಿರುವ ಅನೇಕ ವಸ್ತುಗಳನ್ನೂ ಔಷಧಗಳನ್ನೂ ಅದು ಒಳಬಿಡುವುದಿಲ್ಲ.

1921ರಲ್ಲಿ ಜಪಾನಿನ ಶಿರಾಯ್ ಎಂಬವರು ಇಲಿಯ ಗೆಡ್ಡೆಯನ್ನು ಬೇರೆ ಜಾತಿಯ ಪ್ರಾಣಿಗಳ ಮಿದುಳಿನಲ್ಲಿ ನೆಟ್ಟರು. ಚರ್ಮದಡಿಯಲ್ಲಿ ನೆಟ್ಟರೆ ಬದುಕದ ಗೆಡ್ಡೆ ಮಿದುಳಿನಲ್ಲಿ ಬೆಳೆಯಿತು. ಎರಡು ವರ್ಷಗಳ ಅನಂತರ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಮರ್ಫಿ ಮತ್ತು ಸ್ಟರ್ಮ್ ಎಂಬವರು ಇದೇ ಪ್ರಯೋಗವನ್ನು ಮಾಡಿ ಒಂದು ಹೆಜ್ಜೆ ಮುಂದೆ ಹೋದರು. ಗೆಡ್ಡೆಯ ಜೊತೆಯಲ್ಲಿ ಆ ಪ್ರಾಣಿಯದೇ ಗುಲ್ಮದ ಚೂರೊಂದನ್ನು ಮಿದುಳಿನೊಳಗೆ ಇಟ್ಟಾಗ ಗೆಡ್ಡೆ ಬೆಳೆಯಲಿಲ್ಲ. ಗುಲ್ಮವೆಂದರೆ ಬಿಳಿಯ ರಕ್ತಕಣಗಳ ಉಗ್ರಾಣ. ಸಿಪಾಯಿಗಳನ್ನು ಸ್ಥಳಕ್ಕೆ ಒಯ್ದಿಟ್ಟರೆ ಅವರು ಮಿದುಳಿನಲ್ಲಿಯೂ ಕಾದಬಲ್ಲರೆಂಬುದಕ್ಕೆ ಅದು ಮೊದಲ ಸುಳಿವು.

1948ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡವಾರ್ ಈ ವಿಷಯವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಒಂದು ಮೊಲದ ಚರ್ಮದ ತುಣುಕನ್ನು ಇನ್ನೊಂದು ಮೊಲದ ಮಿದುಳಿನಲ್ಲಿಟ್ಟರೆ ದೇಹ ಅದನ್ನು ತಿರಸ್ಕರಿಸಲಿಲ್ಲ. ಆದರೆ ಅದೇ ದಾನಿಯ ಚರ್ಮವನ್ನು ಮೊದಲು ಮೈಮೇಲೆ ಕಸಿಮಾಡಿ, ಆಮೇಲೆ ಮಿದುಳಿನಲ್ಲಿಟ್ಟರೆ ಆ ತುಣುಕು ಉಳಿಯಲಿಲ್ಲ. ಅಂದರೆ, ಒಮ್ಮೆ ಎಚ್ಚೆತ್ತ ಸೈನ್ಯ ಮಿದುಳನ್ನೂ ತಲಪಬಲ್ಲುದು. ಮಿದುಳಿನಿಂದ ಹೊರಟು ಸೈನ್ಯವನ್ನು ಎಬ್ಬಿಸುವ ಸುದ್ದಿ ಮಾತ್ರ ದುರ್ಬಲ. ಅಂಗಾಂಶ ಕಸಿಯ ಕುರಿತಾದ ಸಂಶೋಧನೆಗಾಗಿ ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮಿದುಳಿಗೆ ದುಗ್ಧನಾಳಗಳೇ ಇಲ್ಲವೆಂದು ಬಹುಕಾಲ ವೈದ್ಯಕೀಯ ಪುಸ್ತಕಗಳು ಹೇಳುತ್ತಿದ್ದವು. ಇಟಲಿಯ ಪಾವೋಲೊ ಮಸ್ಕಾನಿ ಎಂಬ ಅಂಗರಚನಾಶಾಸ್ತ್ರಜ್ಞರು 1787ರಲ್ಲಿಯೇ ಮಿದುಳಿನ ಪೊರೆಗಳಲ್ಲಿ ಅಂಥ ನಾಳಗಳಿವೆಯೆಂದು ಬರೆದಿದ್ದರೂ ಅದನ್ನು ನಂಬಿದವರು ಕಡಿಮೆ. 2015ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೂ ಫಿನ್ಲೆಂಡಿನ ಹೆಲ್ಸಿಂಕಿಯ ತಂಡವೂ ಬೇರೆಬೇರೆಯಾಗಿ ಇಲಿಗಳ ಮಿದುಳಿನ ಪೊರೆಗಳಲ್ಲಿ ದುಗ್ಧನಾಳಗಳನ್ನು ತೋರಿಸಿಕೊಟ್ಟವು. ಅವು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಿಯುತ್ತವೆ. ಮಿದುಳಿನಿಂದ ಹೊರಕ್ಕೆ ದಾರಿಯುಂಟು, ಆದರೆ ಅದು ಕಿರಿದಾದ ಕಾಲುದಾರಿ ಎಂಬುದು ಈಗಿನ ತಿಳಿವಳಿಕೆ.

ಪ್ರಕೃತಿಯ ಈ ಏರ್ಪಾಡಿಗೆ ಕಾರಣವಿದೆ. ಕಾಲಿಗೆ ಗಾಯವಾದರೆ ಕೆಂಪಾಗಿ ಊದಿಕೊಳ್ಳುತ್ತದೆ, ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ತಲೆಬುರುಡೆಯ ಒಳಗೆ ಊದಿಕೊಳ್ಳಲು ಎಡೆಯಿಲ್ಲ. ಅಲ್ಲಿ ಊತವೇ ಪ್ರಾಣಾಪಾಯಕರ. ಸತ್ತ ನರಕೋಶಕ್ಕೆ ಬದಲಿಯೂ ಸುಲಭವಾಗಿ ಹುಟ್ಟುವುದಿಲ್ಲ. ಆದ್ದರಿಂದ ಅಲ್ಲಿ ಕಾವಲು ಮೆಲುದನಿಯಲ್ಲಿ ನಡೆಯುತ್ತದೆ. ಮಿದುಳನ್ನು ಉಳಿಸುವುದಕ್ಕಾಗಿ ಇರುವ ಈ ಸಂಯಮವನ್ನೇ ಗೆಡ್ಡೆ ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ.

ಬೇಲಿಯೇ ಹೊಲ ಮೇಯ್ದಾಗ

ಮಿದುಳಿಗೆ ತನ್ನದೇ ಆದ ಕಾವಲುಗಾರರಿದ್ದಾರೆ. ಸ್ಪೇನಿನ ಪಿಯೊ ಡೆಲ್ ರಿಯೊ ಒರ್ಟೇಗ ಅವರು 1919ರಲ್ಲಿ ಇವನ್ನು ಪ್ರತ್ಯೇಕವಾಗಿ ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಶಿಶು ಗರ್ಭದಲ್ಲಿರುವಾಗ ಬಹಳ ಮೊದಲೇ ಮಿದುಳನ್ನು ಸೇರಿ ಅಲ್ಲಿಯೇ ನೆಲೆಸುವ ಈ ಜೀವಕೋಶಗಳು ತಮ್ಮ ಸಣ್ಣ ಕೈಗಳನ್ನು ಚಾಚುತ್ತ, ಸತ್ತ ಕೋಶಗಳನ್ನು ಗುಡಿಸುತ್ತ, ಅನ್ಯವಸ್ತುಗಳನ್ನು ನುಂಗುತ್ತ ಜೀವಮಾನವಿಡೀ ದುಡಿಯುತ್ತವೆ.

ಗ್ಲಯೋಬ್ಲಾಸ್ಟೋಮ ತಲೆಯೆತ್ತಿದಾಗ ಮೈಕ್ರೋಗ್ಲಿಯಾ ಅದರ ಬಳಿ ಧಾವಿಸುವುದೇನೋ ನಿಜ. ರಕ್ತದಿಂದಲೂ ಭಕ್ಷಕ ಕೋಶಗಳು ಬಂದು ಸೇರುತ್ತವೆ. ಗೆಡ್ಡೆಯೇ ರಾಸಾಯನಿಕ ಸಂದೇಶಗಳನ್ನು ಸ್ರವಿಸಿ ಇವನ್ನು ಕರೆಸಿಕೊಳ್ಳುತ್ತದೆ. ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಅದರಲ್ಲಿರುವ ಕೋಶಗಳ ಪೈಕಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು, ಈ ಕಾವಲು ಕೋಶಗಳೇ ಆಗಿರುತ್ತವೆ. ಇಷ್ಟೊಂದು ಕಾವಲುಗಾರರು ಸುತ್ತುವರಿದ ಮೇಲೂ ಗೆಡ್ಡೆ ಬೆಳೆಯುವುದೇಕೆ?

ಬಂದವರನ್ನು ಗೆಡ್ಡೆ ಕೊಲ್ಲುವುದಿಲ್ಲ. ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಗಾಯ ಮಾಯುವ ಹಂತದಲ್ಲಿ ಭಕ್ಷಕ ಕೋಶಗಳು ಕಾದಾಟವನ್ನು ನಿಲ್ಲಿಸಿ ದುರಸ್ತಿಯ ಕೆಲಸಕ್ಕೆ ತೊಡಗುವುದು ಸಹಜ. ಹೊಸ ರಕ್ತನಾಳಗಳನ್ನು ಬೆಳೆಸುವ, ಹೊಸ ಕೋಶಗಳಿಗೆ ಪೋಷಣೆ ಒದಗಿಸುವ, ಉರಿಯೂತವನ್ನು ತಗ್ಗಿಸುವ ವಸ್ತುಗಳನ್ನು ಅವು ಆಗ ಸ್ರವಿಸುತ್ತವೆ. ಗೆಡ್ಡೆಯು ತನ್ನ ಸಂದೇಶಗಳಿಂದ ಅವುಗಳನ್ನು ಈ ದುರಸ್ತಿಯ ಸ್ಥಿತಿಗೆ ತಳ್ಳಿ ಅಲ್ಲಿಯೇ ಉಳಿಸಿಕೊಳ್ಳುತ್ತದೆ. ಆಗ ಕಾವಲುಗಾರರೇ ಗೆಡ್ಡೆಗೆ ರಕ್ತನಾಳಗಳನ್ನು ಕಟ್ಟಿಕೊಡುತ್ತಾರೆ. ಕೋಶಗಳ ನಡುವಿನ ಅಂಟುಪದಾರ್ಥವನ್ನು ಕರಗಿಸಿ ಅದು ಮುಂದೆ ಹರಡಲು ದಾರಿ ಮಾಡಿಕೊಡುತ್ತಾರೆ. ಟಿ ಕೋಶಗಳು ಬಂದರೆ ಅವುಗಳನ್ನೂ ಸುಮ್ಮನಾಗಿಸುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ.

ಈ ಕಾವಲುಗಾರರನ್ನು ಮರಳಿ ಸರಿದಾರಿಗೆ ತರುವ ಪ್ರಯತ್ನವೂ ನಡೆದಿದೆ. ಭಕ್ಷಕ ಕೋಶಗಳು ಸಂದೇಶವನ್ನು ಸ್ವೀಕರಿಸುವ ಒಂದು ಗ್ರಾಹಕವನ್ನು ಮುಚ್ಚುವ ಔಷಧದಿಂದ ಇಲಿಗಳಲ್ಲಿ ಗೆಡ್ಡೆ ಕುಗ್ಗಿದುದು 2013ರಲ್ಲಿ ವರದಿಯಾಯಿತು. ಅದೇ ಬಗೆಯ ಔಷಧವನ್ನು ಮರುಕಳಿಸಿದ ಗೆಡ್ಡೆಯ ರೋಗಿಗಳಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂದಾಗ ಮನುಷ್ಯರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಇಲಿಯಲ್ಲಿ ಗುಣವಾಯಿತೆಂಬ ಪತ್ರಿಕಾ ವಾರ್ತೆಯನ್ನು ಓದಿದೊಡನೆ ಮದ್ದು ಸಿಕ್ಕಿತೆಂದು ಹಿಗ್ಗಬಾರದೆಂಬುದಕ್ಕೆ ಇದೊಂದು ನಿದರ್ಶನ.

ಸೈನಿಕರು ಎಲ್ಲಿ ಹೋದರು?

ಟಿ ಕೋಶಗಳ ಕಥೆ ಇನ್ನೂ ವಿಚಿತ್ರವಾದುದು. ಮಿದುಳಿನ ಗೆಡ್ಡೆಯುಳ್ಳವರಲ್ಲಿ ಇಡೀ ದೇಹದ ನಿರೋಧಕ ಶಕ್ತಿಯೇ ತಗ್ಗಿರುತ್ತದೆಂಬುದನ್ನು ಅಮೆರಿಕದ ವೈದ್ಯರು 1970ರ ದಶಕದಲ್ಲಿಯೇ ಗಮನಿಸಿದ್ದರು. ಗೆಡ್ಡೆ ಇರುವುದು ತಲೆಯಲ್ಲಿ. ರಕ್ತದಲ್ಲಿ ಟಿ ಕೋಶಗಳು ಕಡಿಮೆಯಾಗುವುದೇಕೆ? 2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಇದಕ್ಕೆ ಉತ್ತರದ ಒಂದು ಭಾಗವನ್ನು ಕಂಡುಹಿಡಿಯಿತು. ಕಾಣೆಯಾದ ಟಿ ಕೋಶಗಳು ಸತ್ತಿರಲಿಲ್ಲ, ಅಸ್ಥಿಮಜ್ಜೆಯಲ್ಲಿ ಗುಂಪುಗೂಡಿ ಸಿಕ್ಕಿಬಿದ್ದಿದ್ದವು. ಮಜ್ಜೆಯಿಂದ ರಕ್ತಕ್ಕೆ ಹೊರಡಲು ಬೇಕಾದ ಗ್ರಾಹಕವೊಂದು ಅವುಗಳ ಮೈಮೇಲಿಂದ ಮಾಯವಾಗಿತ್ತು. ಚಿಕಿತ್ಸೆ ಇನ್ನೂ ಆರಂಭವಾಗದ ರೋಗಿಗಳಲ್ಲಿಯೂ ಈ ಸ್ಥಿತಿ ಕಂಡುಬಂತು. ಸೈನ್ಯವಿದೆ, ಆದರೆ ದಂಡಿನ ಪಾಳೆಯದ ಬಾಗಿಲು ಮುಚ್ಚಿದೆ.

ಹೇಗೋ ಪಾರಾಗಿ ಮಿದುಳನ್ನು ಸೇರಿದ ಟಿ ಕೋಶಗಳಿಗೂ ಅಲ್ಲಿ ಒಳ್ಳೆಯ ಸ್ವಾಗತವಿಲ್ಲ. ಗ್ಲಯೋಬ್ಲಾಸ್ಟೋಮ ಕೋಶಗಳು ಟಿ ಕೋಶಗಳನ್ನು ಕುಂಠಿತಗೊಳಿಸುವ ವಸ್ತುವೊಂದನ್ನು ಸ್ರವಿಸುತ್ತವೆಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಸಂಶೋಧಕರು 1980ರ ದಶಕದಲ್ಲಿ ತೋರಿಸಿದರು; ಅದು ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಒಂದು ರೂಪವೆಂದು 1987ರಲ್ಲಿ ಖಚಿತವಾಯಿತು. ಅದಲ್ಲದೆ ಗೆಡ್ಡೆಯ ಕೋಶಗಳೂ ಅದಕ್ಕೆ ದಾಸರಾದ ಭಕ್ಷಕ ಕೋಶಗಳೂ ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಧರಿಸಿ ಟಿ ಕೋಶದ ಪಿಡಿ-1 ಗುಂಡಿಯನ್ನು ಒತ್ತುತ್ತವೆ. ನಿಯಂತ್ರಕ ಟಿ ಕೋಶಗಳು ಅಲ್ಲಿ ಹೆಚ್ಚಾಗಿ ಸೇರುತ್ತವೆ. ಆಮ್ಲಜನಕದ ಕೊರತೆಯೂ ಸೇರಿ, ಕಾದಲು ಬಂದ ಕೋಶ ಕಾದದೆ ದಣಿದು ನಿಲ್ಲುತ್ತದೆ.

ಇನ್ನೂ ಒಂದು ತೊಡಕಿದೆ. ಒಂದೇ ರೋಗಿಯ ಒಂದೇ ಗೆಡ್ಡೆಯಲ್ಲಿ ಬೇರೆಬೇರೆ ಗುರುತುಗಳನ್ನು ಹೊತ್ತ ಕೋಶಗಳಿರುತ್ತವೆ. ಒಂದು ಗುರುತನ್ನು ಹಿಡಿದು ದಾಳಿ ಮಾಡಿದರೆ ಆ ಗುರುತಿಲ್ಲದವು ಉಳಿದು ಮತ್ತೆ ಬೆಳೆಯುತ್ತವೆ.

ಔಷಧಗಳ ಇಕ್ಕಟ್ಟು

ಚಿಕಿತ್ಸೆಯಲ್ಲಿಯೂ ಒಂದು ಇಕ್ಕಟ್ಟು ಉಂಟು. ಗೆಡ್ಡೆಯ ಸುತ್ತ ಉಂಟಾಗುವ ಊತವನ್ನು ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು 1960ರ ದಶಕದಿಂದಲೂ ಬಳಸಲಾಗುತ್ತಿದೆ. ತಲೆನೋವು, ವಾಂತಿ, ಕೈಕಾಲುಗಳ ನಿಶ್ಶಕ್ತಿ ಇದರಿಂದ ಬೇಗ ತಗ್ಗುತ್ತವೆ. ಎಷ್ಟೋ ಸಲ ಪ್ರಾಣವೇ ಉಳಿಯುತ್ತದೆ. ಆದರೆ ಇದೇ ಔಷಧ ಟಿ ಕೋಶಗಳನ್ನೂ ಕುಗ್ಗಿಸುತ್ತದೆ. ವಿಕಿರಣ ಮತ್ತು ಟೆಮೊಜೊಲೊಮೈಡ್‌ಗಳೂ ಬಿಳಿಯ ರಕ್ತಕಣಗಳನ್ನು ಕಡಿಮೆ ಮಾಡುತ್ತವೆ. ಅದಕ್ಕಾಗಿಯೇ ವೈದ್ಯರು ಸ್ಟೀರಾಯ್ಡನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಕೊಡಲು ಯತ್ನಿಸುತ್ತಾರೆ. ಈ ಮಾತನ್ನು ಓದಿ ಯಾರೂ ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಕೆಲವು ವಾರ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಊತ ಮರುಕಳಿಸುವುದಲ್ಲದೆ ರಕ್ತದೊತ್ತಡ ಕುಸಿದು ಅಪಾಯ ಒದಗಬಹುದು.

ಇಬ್ಬರು ರೋಗಿಗಳು, ಎರಡು ಫಲ

ಟಿ ಕೋಶಗಳ ತಡೆಗುಂಡಿಗಳನ್ನು ಔಷಧದಿಂದ ಮುಚ್ಚಿದರೆ ಅವು ಮತ್ತೆ ಕಾದತೊಡಗುತ್ತವೆಂದು ತೋರಿಸಿದ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ಬಗೆಯ ಔಷಧದಿಂದ ಪ್ರಸಿದ್ಧರಾದ ರೋಗಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 2015ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅವರ ಯಕೃತ್ತಿಗೂ ಮಿದುಳಿಗೂ ಹರಡಿತ್ತು. ಆಗ ಅವರ ವಯಸ್ಸು 90. ಶಸ್ತ್ರಕ್ರಿಯೆ, ವಿಕಿರಣಗಳೊಂದಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧವನ್ನು ಪಡೆದ ಅವರ ಮಿದುಳಿನಲ್ಲಿ ಆ ವರ್ಷದ ಕೊನೆಗೆ ಕ್ಯಾನ್ಸರಿನ ಗುರುತು ಕಾಣಲಿಲ್ಲ. ನೂರು ತುಂಬಿದ ಬಳಿಕ, 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅದೇ ದೇಶದ ಸೆನೆಟರ್ ಜಾನ್ ಮೆಕೇನ್ ಅವರಿಗೆ 2017ರ ಜುಲೈಯಲ್ಲಿ ಗ್ಲಯೋಬ್ಲಾಸ್ಟೋಮ ಇರುವುದು ತಿಳಿದುಬಂತು. ಉತ್ತಮ ಚಿಕಿತ್ಸೆಗೆ ಯಾವ ಕೊರತೆಯೂ ಇಲ್ಲದ ಅವರು 2018ರ ಆಗಸ್ಟ್ 25ರಂದು ನಿಧನರಾದರು.

ಇಬ್ಬರ ರೋಗವೂ ಮಿದುಳಿನಲ್ಲಿತ್ತು. ಆದುದರಿಂದ ಮಿದುಳಿನ ಬಿಗಿಗೋಡೆಯೊಂದೇ ಅಡ್ಡಿಯೆಂದು ಹೇಳುವಂತಿಲ್ಲ. ಬಿಸಿಲಿನಿಂದ ಹಾನಿಗೊಂಡ ಚರ್ಮದಲ್ಲಿ ಹುಟ್ಟುವ ಮೆಲನೋಮದ ಕೋಶಗಳಲ್ಲಿ ಸಾಮಾನ್ಯವಾಗಿ ವಂಶವಾಹಿಗಳ ಬದಲಾವಣೆಗಳು ಬಹಳ. ಪ್ರತಿಯೊಂದು ಬದಲಾವಣೆಯೂ ಟಿ ಕೋಶಕ್ಕೆ ಒಂದು ಗುರುತಾಗಬಲ್ಲುದು. ಅಲ್ಲದೆ ಅದು ಮಿದುಳಿನ ಹೊರಗೆ ಹುಟ್ಟುವುದರಿಂದ ಸೈನ್ಯಕ್ಕೆ ಸುದ್ದಿ ಮೊದಲೇ ಮುಟ್ಟಿರುತ್ತದೆ. ಮೆಡವಾರ್ ಅವರ ಮೊಲದ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಗ್ಲಯೋಬ್ಲಾಸ್ಟೋಮದಲ್ಲಿ ಬದಲಾವಣೆಗಳು ಕಡಿಮೆ, ಸುದ್ದಿ ಕ್ಷೀಣ, ಕಾವಲುಗಾರರು ಗೆಡ್ಡೆಯ ವಶ. ಮರುಕಳಿಸಿದ ಗ್ಲಯೋಬ್ಲಾಸ್ಟೋಮದ 369 ರೋಗಿಗಳ ಮೇಲೆ ನಿವೊಲುಮ್ಯಾಬ್ ಎಂಬ ಇದೇ ವರ್ಗದ ಔಷಧವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನು ದೃಢಪಡಿಸಿತು. ಅದನ್ನು ಪಡೆದವರ ಮಧ್ಯಮ ಆಯುಷ್ಯ 9.8 ತಿಂಗಳು, ಹಳೆಯ ಔಷಧ ಪಡೆದವರದು 10 ತಿಂಗಳು, ಭೇದವಿಲ್ಲ.

ಹೊಸ ಪ್ರಯತ್ನಗಳು

ಸೋಲಿನಿಂದ ಪಾಠ ಕಲಿತು ಪ್ರಯತ್ನಗಳು ಮುಂದುವರಿದಿವೆ. ತಡೆಗುಂಡಿಯ ಔಷಧವನ್ನು ಶಸ್ತ್ರಕ್ರಿಯೆಯ ಅನಂತರ ಕೊಡುವ ಬದಲು, ಗೆಡ್ಡೆ ಇನ್ನೂ ಇರುವಾಗಲೇ ಕೊಟ್ಟರೆ ಟಿ ಕೋಶಗಳಿಗೆ ಗುರುತು ಚೆನ್ನಾಗಿ ಸಿಕ್ಕಬಹುದೆಂಬುದು ಒಂದು ವಿಚಾರ. ಮರುಕಳಿಸಿದ ಗೆಡ್ಡೆಯ 35 ರೋಗಿಗಳ ಮೇಲೆ ನಡೆದ ಅಂಥ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಗೆ ಮೊದಲೇ ಔಷಧ ಆರಂಭಿಸಿದವರು ಹೆಚ್ಚು ಕಾಲ ಬದುಕಿದರು. ಸಂಖ್ಯೆ ಸಣ್ಣದಾದುದರಿಂದ ಇದು ಭರವಸೆ ಮಾತ್ರ, ನಿರ್ಣಯವಲ್ಲ.

ಗೆಡ್ಡೆಯ ಕೋಶಗಳನ್ನಷ್ಟೇ ಒಡೆಯುವಂತೆ ಮಾರ್ಪಡಿಸಿದ ಹರ್ಪೀಸ್ ವೈರಾಣುವನ್ನು ನೇರವಾಗಿ ಗೆಡ್ಡೆಗೆ ಚುಚ್ಚುವುದು ಇನ್ನೊಂದು ದಾರಿ. ಕೋಶಗಳು ಒಡೆದಾಗ ಆಗುವ ಗದ್ದಲದಿಂದ ಕಾವಲುಪಡೆ ಎಚ್ಚರಗೊಳ್ಳಲಿ ಎಂಬುದು ಇದರ ಉದ್ದೇಶ. ಜಪಾನ್ 2021ರಲ್ಲಿ ಇಂಥ ಚಿಕಿತ್ಸೆಯೊಂದಕ್ಕೆ ಷರತ್ತುಬದ್ಧವಾದ ಅನುಮತಿ ನೀಡಿತು.

ಮೂರನೆಯದು, ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಗೆಡ್ಡೆಯ ಗುರುತನ್ನು ಹಿಡಿಯುವ ಗ್ರಾಹಕವನ್ನು ಅವುಗಳಿಗೆ ತೊಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ. 2016ರಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿಯ ಮಿದುಳಿನ ಮತ್ತು ಬೆನ್ನುಹುರಿಯ ಗೆಡ್ಡೆಗಳೆಲ್ಲ ಇದರಿಂದ ಕರಗಿದವು. ಏಳೂವರೆ ತಿಂಗಳ ಬಳಿಕ ಬೇರೆ ಕಡೆಗಳಲ್ಲಿ ಹೊಸ ಗೆಡ್ಡೆಗಳು ಕಾಣಿಸಿಕೊಂಡವು. 2024ರಲ್ಲಿ ಬಾಸ್ಟನ್ನಿನ ಮೂವರು ರೋಗಿಗಳಲ್ಲಿ ಕೆಲವೇ ದಿನಗಳಲ್ಲಿ ಗೆಡ್ಡೆ ಕುಗ್ಗಿತು, ಆದರೆ ಇಬ್ಬರಲ್ಲಿ ಆ ಫಲ ಹೆಚ್ಚು ಕಾಲ ನಿಲ್ಲಲಿಲ್ಲ.

ಕಾರ್-ಟಿ ಚಿಕಿತ್ಸೆಯ ಹೆಸರು ಮುಂಬಯಿಯ ವಾಚಕರಿಗೆ ಅಪರಿಚಿತವಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್-19 ಎಂಬ ಸ್ವದೇಶೀ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. ಅದು ಕೆಲವು ಬಗೆಯ ರಕ್ತದ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿಗಾಗಿ ಇರುವ ಚಿಕಿತ್ಸೆ, ಮಿದುಳಿನ ಗೆಡ್ಡೆಗಲ್ಲ. ಈ ಭೇದವನ್ನು ತಿಳಿಯದೆ ರೋಗಿಯನ್ನು ಊರೂರು ಅಲೆದಾಡಿಸುವುದು ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಾನವ ಮಿದುಳಿನ ಅಂಗಾಂಶಗಳ ಭಂಡಾರವೊಂದು ಸ್ಥಾಪನೆಯಾಯಿತು. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜೊತೆಗೂಡಿ ಗ್ಲಯೋಬ್ಲಾಸ್ಟೋಮದ ವಂಶವಾಹಿಗಳನ್ನು ಕುರಿತು ಅಧ್ಯಯನ ನಡೆಸಿದ್ದಾರೆ.

ಮನೆಯವರು ತಿಳಿದಿರಬೇಕಾದುದು

ಇಷ್ಟನ್ನು ಅರಿತ ಮೇಲೆ ಮೊದಲ ಪ್ರಶ್ನೆಗೆ ಮರಳಬಹುದು. ‘ಶಕ್ತಿ ಹೆಚ್ಚಿಸುವ’ ಪುಡಿಯಿಂದ ಗೆಡ್ಡೆ ಕರಗೀತೇ? ಮಜ್ಜೆಯಲ್ಲಿ ಸಿಕ್ಕಿಬಿದ್ದ ಸೈನಿಕನನ್ನು ಪುಡಿ ಬಿಡಿಸಲಾರದು. ಗೆಡ್ಡೆಯ ವಶವಾದ ಕಾವಲುಗಾರನ ಮನಸ್ಸನ್ನು ತಿರುಗಿಸಲಾರದು. ರೋಗಿಯ ಸೈನ್ಯ ವಂಚಿತವಾಗಿದೆ. ವಂಚನೆಯನ್ನು ಬಯಲಿಗೆಳೆಯುವ ಉಪಾಯ ಬೇಕು. ಅದನ್ನು ಪ್ರಯೋಗಶಾಲೆಗಳಲ್ಲಿ ಹುಡುಕಲಾಗುತ್ತಿದೆ. ರೋಗ ಬಂದುದು ರೋಗಿಯ ಆಹಾರದ ತಪ್ಪಿನಿಂದ, ಮನೆಯವರ ಅಲಕ್ಷ್ಯದಿಂದ ಎಂದು ಕೊರಗಬೇಕಾದುದೂ ಇಲ್ಲ.

ಗಿಡಮೂಲಿಕೆಯಿಂದ ಕೆಡುಕಂತೂ ಇಲ್ಲವೆಂದು ಹೇಳುವುದು ರೂಢಿ. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಅಮೃತಬಳ್ಳಿಯ ಕಷಾಯ ಮೊದಲಾದವನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಹೇಗೇ ಇರಲಿ, ಕ್ಯಾನ್ಸರ್ ಔಷಧ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಬೇರೇನನ್ನೂ ಸೇವಿಸದಿರುವುದು ಕ್ಷೇಮ. ಸ್ಟೀರಾಯ್ಡ್ ಮತ್ತು ಟೆಮೊಜೊಲೊಮೈಡ್ ಪಡೆಯುವ ಅವಧಿಯಲ್ಲಿ ಸೋಂಕು ತಗಲದಂತೆ ಎಚ್ಚರವಹಿಸಬೇಕು. ಜ್ವರ ಬಂದರೆ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ತಿಳಿಸಬೇಕು. ರಕ್ತಪರೀಕ್ಷೆಯನ್ನು ತಪ್ಪಿಸಕೂಡದು. ಯಾವ ಲಸಿಕೆ ಹಾಕಿಸಬಹುದು, ಯಾವುದು ಕೂಡದು ಎಂಬುದನ್ನು ಕೇಳಿಯೇ ಮುಂದುವರಿಯಬೇಕು.

ರೋಗದ ಲಕ್ಷಣಗಳನ್ನು ಬೇಗ ಗುರುತಿಸುವುದು ಮನೆಯವರ ಕೈಯಲ್ಲಿದೆ. ಎಲ್ಲ ತಲೆನೋವೂ ಗೆಡ್ಡೆಯದಲ್ಲ. ಬಹುಪಾಲು ತಲೆನೋವುಗಳಿಗೆ ಬೇರೆ ಸಾಮಾನ್ಯ ಕಾರಣಗಳಿರುತ್ತವೆ. ಆದರೆ ಬೆಳಗಿನ ಹೊತ್ತು ಹೆಚ್ಚಾಗುವ, ವಾಂತಿಯೊಡಗೂಡಿದ, ವಾರದಿಂದ ವಾರಕ್ಕೆ ಬಲಿಯುವ ಹೊಸ ತಲೆನೋವು, ನಡುವಯಸ್ಸಿನಲ್ಲಿ ಮೊದಲ ಸಲ ಬಂದ ಸೆಳವು, ಒಂದು ಪಾರ್ಶ್ವದ ಕೈಕಾಲಿನ ನಿಶ್ಶಕ್ತಿ, ದೃಷ್ಟಿಯಲ್ಲಿ ವ್ಯತ್ಯಾಸ, ಸ್ವಭಾವದಲ್ಲಿ ಕಾರಣವಿಲ್ಲದ ಬದಲಾವಣೆ, ಇವು ಕಂಡರೆ ನರರೋಗ ತಜ್ಞರ ಬಳಿ ತಡಮಾಡದೆ ಹೋಗಬೇಕು. ಹೊರನಾಡಿನಲ್ಲಿ ಬಾಳುವವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕಚೇರಿಯಲ್ಲಿ ಮರಾಠಿ, ಹಿಂದಿ, ತಮಿಳು ಆಡಿ ಮನೆಯಲ್ಲಿ ಕನ್ನಡ ಆಡುವವರಿಗೆ ಮಾತಿನ ತೊಡಕು ಯಾವ ಭಾಷೆಯಲ್ಲಿ ಮೊದಲು ಕಂಡಿತೆಂಬುದನ್ನು ವೈದ್ಯರಿಗೆ ಹೇಳಬೇಕು. ಮಾತಿನ ಪರೀಕ್ಷೆ ನಡೆಯುವಾಗ ಕನ್ನಡ ಬಲ್ಲ ಮನೆಯವರೊಬ್ಬರು ಜೊತೆಯಲ್ಲಿರುವುದು ಉಪಯುಕ್ತ.

ರೋಗನಿರ್ಣಯವಾದ ಮೇಲೆ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಗೆಡ್ಡೆ ಯಾವ ಜಾತಿಯದು? ಅದರ ಅಣುಮಟ್ಟದ ಪರೀಕ್ಷೆ ಆಗಿದೆಯೇ? ರೂಢಿಯ ಚಿಕಿತ್ಸೆಯಿಂದ ನಿರೀಕ್ಷಿಸಬಹುದಾದ ಲಾಭವೆಷ್ಟು? ವಿಧಿವತ್ತಾಗಿ ನಡೆಯುತ್ತಿರುವ ಯಾವುದಾದರೂ ಪರೀಕ್ಷಾ ಚಿಕಿತ್ಸೆಗೆ ರೋಗಿ ಅರ್ಹನೇ? ಈ ಕೊನೆಯದರಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಔಷಧಕ್ಕೆ ರೋಗಿಯಿಂದ ಹಣ ಕೇಳುವುದಿಲ್ಲ. ‘ಇಮ್ಯುನೋಥೆರಪಿ’ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೇಳುವವರು ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯದೆ ಮುಂದಡಿಯಿಡಬಾರದು. ನೋವು, ಸೆಳವು, ನಿದ್ರಾಹೀನತೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯನ್ನು ಕೊನೆಗಾಲಕ್ಕೆಂದು ಕಾದಿರಿಸದೆ ಮೊದಲಿನಿಂದಲೇ ಕೇಳಿ ಪಡೆಯಬೇಕು.

ಮಹಾನಗರದಲ್ಲಿ ಬಂಧುಬಳಗ ದೂರ; ನೆರೆಯ ಕನ್ನಡಿಗರೇ ಬಂಧುಗಳು. ರೋಗಿಯ ಮನೆಗೆ ಹೋಗುವವರು ಕೈಯಲ್ಲಿ ಪುಡಿಯ ಪೊಟ್ಟಣದ ಬದಲು ಬೇರೆ ನೆರವನ್ನು ಒಯ್ಯಬಹುದು. ಆರು ವಾರ ದಿನವೂ ವಿಕಿರಣಕ್ಕೆ ಹೋಗಿಬರಬೇಕಾದವರಿಗೆ ವಾಹನದ ವ್ಯವಸ್ಥೆ, ಮಕ್ಕಳಿಗೆ ಒಂದು ಹೊತ್ತಿನ ಊಟ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಒಬ್ಬ ಜೊತೆಗಾರ, ಆಡಲು ತಡವರಿಸುವ ರೋಗಿಯ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ನಾಲ್ಕು ಮಾತು: ದೇಹದೊಳಗಿನ ಕಾವಲು ಕೈಕೊಟ್ಟ ಮನೆಗೆ ಹೊರಗಿನವರು ಕೊಡಬಹುದಾದ ಕಾವಲು ಇದು.